ನೀಲಿ ಕಣ್ಣಿನ ಕರಿ ಬೇಟೆಗಾರ

ಕೆಂಪವ್ವನಿಗೆ ಓದು ಬರಹ ಬಾರದು. ಅದಕ್ಕೇ ಏನೋ, ಯಾರು ಏನು ಹೇಳಿದರೂ ಒಂದಕ್ಷರ ಚೆಲ್ಲದ ಹಾಗೆ ಕಿವಿಯಲ್ಲಿ ಕಟ್ಟಿಟ್ಟುಕೊಳ್ಳುವವಳು. ಗಂಡ ಲಗಮಣ್ಣನ ಬೆನ್ನಿಗೆ ರಾಯಬಾಗದ ಕಡೆಯಿಂದ ಮಿರಜದ ಹತ್ತಿರದ ಬೇಡಗಕ್ಕೆ ಕಬ್ಬು ಕಡಿಯಲು ಬಂದಿದ್ದಳು. ಒಂದು ದಿನ ಕುಡಗೋಲು ಜಾರಿ ಕಾಲಿನ ನರ ಹರಿಯಿತು. ಕಬ್ಬಿನ ಕೆಲಸ ಅಲ್ಲಿಗೆ ಮುಗಿಯಿತು. ಕುಳಿತು ಮಾಡುವ ಕೆಲಸ ಹುಡುಕುತ್ತ ಮಿರಜದಲ್ಲಿ ತಾತ್ಯಾಸಾಹೇಬರ ಗಣಪತಿ ಕಾರಖಾನೆಗೆ ಬಂದು ಬಣ್ಣ ಕಲಸತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು.

ಡಬ್ಬಿಯ ಮೇಲಿನ ಹೆಸರು ಅವಳಿಗೆ ತಿಳಿಯದು. ಮುಂಗೈ ಮೇಲೆ ಒಂದು ಬೊಟ್ಟು ಹಚ್ಚಿಕೊಂಡು, ಒಣಗಿದ ಮೇಲೆ ನೋಡಿ, ಇದು ಸರಿ, ಇದು ಬೇಡ ಅನ್ನುವಳು. ತಾತ್ಯಾಸಾಹೇಬರ ಬಲಗೈಗೆ ಲಕ್ವಾ ಹೊಡೆದ ಮೇಲೆ ಮೂರ್ತಿಗಳ ಕಣ್ಣು, ಹುಬ್ಬು ಬರೆಯುವ ಕೆಲಸವೂ ಅವಳಿಗೇ ಬಂತು. ಅದಕ್ಕೆ ಅಲ್ಲಿ ಆಖಣಿ ಅನ್ನುತ್ತಾರೆ. ಆ ಕಾರಖಾನೆಯ ಕಟ್ಟಳೆ ಒಂದೇ: ಆಖಣಿ ಎಲ್ಲಕ್ಕಿಂತ ಕಡೆಗೆ. ಕಣ್ಣು ಬಿಟ್ಟ ಮುಖಕ್ಕೆ ಮತ್ತೆ ಯಾರೂ ಕುಂಚ ತಾಕಿಸುವಂತಿಲ್ಲ, ಮಾಲೀಕನೂ ಸಹ.

ಈಗ ಕಾರಖಾನೆ ನಡೆಸುವವನು ಅವರ ಮಗ ದಿಲೀಪ; ತಾತ್ಯಾಸಾಹೇಬರು ಅಲ್ಲೇ ಮೂಲೆಯ ಮಂಚದ ಮೇಲೆ ಮಲಗಿರುತ್ತಿದ್ದರು. ಹಬ್ಬ ಮುಗಿದು ಕೆಲಸ ಇಲ್ಲದ ದಿನಗಳಲ್ಲಿ ಸಾಂಗಲಿಯ ಕಾಲೇಜಿನ ಪ್ರಾಜಕ್ತಾ ಎಂಬ ಶಿಕ್ಷಕಿ ಪ್ಲಾಸ್ಟರಿನ ಒಂದು ತಲೆ ಹೊತ್ತುಕೊಂಡು ಬಂದಳು. ಎಂಟು ಸಾವಿರ ವರ್ಷದ ಹಿಂದೆ ಯುರೋಪಿನ ಪಶ್ಚಿಮದ ಕಾಡಿನಲ್ಲಿ ಬೇಟೆಯಾಡಿ ಬದುಕುತ್ತಿದ್ದವನ ತಲೆಯಂತೆ. ಕಾಲೇಜಿನ ಪ್ರದರ್ಶನಕ್ಕೆ ಅದಕ್ಕೆ ಬಣ್ಣ ಬೇಕಿತ್ತು. ದಿಲೀಪ ಹೊರಗೆ ಗಿರಾಕಿಯೊಬ್ಬನ ಸಂಗಡ ಮಾತಿಗೆ ನಿಂತಿದ್ದ. ಪ್ರಾಜಕ್ತಾ ಒಳಗೆ ಕೆಂಪವ್ವನ ಮುಂದೆ ಕೂತಳು.

"ಮೂಗು, ದವಡಿ ತಲೆಬುರುಡಿ ನೋಡಿ ಮಾಡ್ಯಾರ ಮಾವಶಿ. ಬಣ್ಣ ಎಲುಬಿನ ಮ್ಯಾಲೆ ಇರಂಗಿಲ್ಲಲ್ರಿ? ಅದಕ್ಕ ಕಿವಿ ಒಳಗಿನ ಗಟ್ಟಿ ಎಲುಬು ಕೊರದು, ಆ ಪುಡಿಯೊಳಗಿನ ಡಿಎನ್ಎ ಓದತಾರ. ತಂದಿ-ತಾಯಿಯಿಂದ ಮಕ್ಕಳಿಗೆ ಇಳಿದು ಬಂದ ಬರಹ ಇದ್ದಂಗ ಅದು."

"ನನ್ನಂಗ ಓದಾಕ ಬರಲಾರದವರು ಏನ ಮಾಡಬೇಕ್ರಿ?" ಎಂದು ಕೆಂಪವ್ವ ನಕ್ಕಳು.

"ಓದೋರಿಗೂ ಪೂರಾ ಬರಂಗಿಲ್ಲ. ಅರ್ಧಾ ಅಳಿಸಿ ಹೋಗಿರತೈತಿ. ಹಿಂಗ ಇದ್ದಿರಬೇಕು ಅಂತಾರ, ಆಣಿ ಮಾಡಂಗಿಲ್ಲ. ಇಂವಂದು ಮೈ ಕಪ್ಪು, ನಿಮ್ಮ ಕೈಗಿಂತ ಒಂದೀಟು ಕಡು. ಕೂದಲಾನೂ ಕರಿದು. ಕಣ್ಣು ಮಾತ್ರ ನೀಲಿ."

"ಕರಿ ಮೈಗೆ ನೀಲಿ ಕಣ್ಣ?"

"ಹೌದ್ರಿ. ಆ ಕಡೆ ಮಂದಿ ತೊಗಲು ಬೆಳ್ಳಗ ಆಗಿದ್ದು ಬಾಳ ತಡಾ ಆಗಿ."

ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದಿಟ್ಟು ಆಕೆ ಹೋದಳು.

ಪ್ರದರ್ಶನ ಇದ್ದದ್ದು ಸಂಜೆ ನಾಲ್ಕಕ್ಕೆ. ಅಂದು ಬೆಳಿಗ್ಗೆ ದಿಲೀಪ ಆ ಕಾಗದ ತೆಗೆದು ಓದಿದ. ಓದಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮೈ ಕಪ್ಪು, ಕಣ್ಣು ನೀಲಿ ಅಂತ! ಬರಿಯೋದ್ರಾಗ ತಪ್ಪಾಗೈತಿ. ಯುರೋಪದಾಂವ ಕರಿ ಇರತಾನೇನ?"

"ತಪ್ಪಲ್ರಿ ದಿಲೀಪಣ್ಣ. ಕಾಲೇಜಿನ ಬಾಯಾರು ನನ್ನ ಮುಂದ ಕುಂತು ಹೇಳ್ಯಾರ."

"ನೀ ಏನ ಕೇಳಿದ್ಯೋ ಏನೋ. ಓದಾಕ ಬರಲಾರದಾಕಿ ನನಗ ಕಲಿಸ್ತೀಯಾ?"

ಪ್ರಾಜಕ್ತಾಳಿಗೆ ಮೂರು ಸಲ ಫೋನ್ ಹಚ್ಚಿದ. ಎತ್ತಲಿಲ್ಲ. ಹಬ್ಬದಲ್ಲಿ ಉಳಿದಿದ್ದ ಗುಲಾಬಿ ಬಣ್ಣ ತುಂಬಿ ತಾನೇ ಸ್ಪ್ರೇ ಹೊಡೆದ. ಬೇಟೆಗಾರನ ಮುಖ ಮಂಟಪದ ಗಣಪತಿಯ ಹಾಗೆ ಫಳಫಳ ಹೊಳೆಯಿತು.

"ನಾ ಟೆಂಪೋ ತರತೇನಿ. ಅಷ್ಟರಾಗ ನೀಲಿ ಕಣ್ಣು ಬರಿ. ಕಾಲೇಜಿನವರ ಮುಂದ ಇದು ಕೆಟ್ಟರ ನಾಳಿಂದ ನೀ ಬರೋದ ಬ್ಯಾಡ. ಕಣ್ಣಿನ ಸ್ಟಿಕ್ಕರ್ ಸಿಗತಾವ ಈಗ."

ಸ್ಕೂಟರಿನ ಸದ್ದು ದೂರವಾಯಿತು. ಕೆಂಪವ್ವ ಸಣ್ಣ ಕುಂಚ ಹಿಡಿದು ಕೂತಳು. ಕೂತೇ ಇದ್ದಳು. ಈಗ ಕಣ್ಣು ಬರೆದರೆ ಆ ಗುಲಾಬಿ ಮುಖ ಗುಲಾಬಿಯಾಗೇ ಉಳಿಯುತ್ತದೆ. ಬರೆಯದಿದ್ದರೆ ಕೆಲಸ ಹೋಗುತ್ತದೆ. ಬಣ್ಣ ಬದಲಿಸಿದರೆ, ಆಗಲೂ ಹೋಗುತ್ತದೆ. ಆ ಕಾಲು ಇಟ್ಟುಕೊಂಡು ಅರವತ್ತೊಂದರ ಹೆಂಗಸು ಇನ್ನು ಯಾವ ಮನೆಯ ಬಾಗಿಲಿಗೆ ಹೋಗಬೇಕು? ಮಂಡಿನೋವಿನ ಲಗಮಣ್ಣ ಮನೆಯಲ್ಲಿ ಕಾಯುತ್ತಿರುತ್ತಾನೆ. ಆದರೆ ಆ ಹುಡುಗಿ ಅಷ್ಟು ಬಿಡಿಸಿ ಹೇಳಿದ್ದಳು. ಕೇಳಿದ್ದನ್ನು ಕೇಳಲಿಲ್ಲ ಅನ್ನುವುದು ಕೆಂಪವ್ವನಿಂದ ಆಗದ ಮಾತು.

ಕುಂಚ ಕೆಳಗಿಟ್ಟು ಬಟ್ಟಲು ಎಳೆದುಕೊಂಡಳು. ಕಾವಿಗೆ ಕಪ್ಪು ಬೆರೆಸಿ ಮುಂಗೈಗೆ ಬೊಟ್ಟು ಹಚ್ಚಿದಳು. ಬೊಟ್ಟು ಅವಳ ಮೈಬಣ್ಣದಲ್ಲಿ ಕೂಡಿಹೋಗಿ ಕಾಣದಾಯಿತು. ಇನ್ನೊಂದೀಟು ಕಡು, ಅಂದಿದ್ದಳಲ್ಲ. ಮತ್ತೆ ಕಪ್ಪು ಹಾಕಿದಳು. ಮುಖಕ್ಕೆ ಬಣ್ಣದ ಮೊದಲ ಕೈ, ಕೂದಲಿಗೆ ಬರಿ ಕಪ್ಪು ಬಳಿದು ಫ್ಯಾನಿನ ಕೆಳಗಿಟ್ಟಾಗ ದಿಲೀಪನ ತಾಯಿ ಸುನಂದಾಬಾಯಿ ಚಹಾ ಹಿಡಿದು ಬಂದರು.

"ಅಯ್ಯ, ಯಾರ ಮಾರಿಗೆ ಮಸಿ ಬಳ್ಯಾಕತ್ತೀಯವ್ವಾ? ನನ್ನ ಮಗಂದೇನ?"

"ಬೇಟಿಗಾರಂದ್ರಿ ಅಕ್ಕಾರ. ಇಂವಾ ಇದ್ದದ್ದ ಹಿಂಗ."

"ದಿಲೀಪ ಬಂದರ ಕುಣದಾಡತಾನ ನೋಡು."

"ಗೊತ್ತೈತ್ರಿ."

ಎರಡನೆಯ ಕೈ ಬಣ್ಣ ಇನ್ನೂ ಹಸಿ ಇದ್ದಾಗಲೇ ಟೆಂಪೋದ ಹಾರ್ನ್ ಓಣಿಯ ತುದಿಯಲ್ಲಿ ಕೇಳಿಸಿತು. ಮುಖ ಒಣಗಲು ಹೊತ್ತಿಲ್ಲ, ಕಣ್ಣಿನ ಗುಳಿ, ಹುಬ್ಬಿನ ಜಾಗ ಮಾತ್ರ ಒಣಗಿದ್ದವು. ಉಸಿರು ಹಿಡಿದು ಎಡಗಣ್ಣಿಗೆ ನೀಲಿ ಇಟ್ಟಳು. ಹೊರಗೆ ಬಾಗಿಲು ದಡಾರನೆ ಬಡಿಯಿತು. ಬಲಗಣ್ಣಿಗೆ ನೀಲಿ. ನಡುವೆ ಕಪ್ಪು ಚುಕ್ಕೆ. ಎರಡು ಹುಬ್ಬು. ಕುಂಚ ಎತ್ತಿದಳು.

ದಿಲೀಪ ಬಂದು ನಿಂತು ನೋಡಿದ. ಅವನ ಮುಖವೇ ಕಪ್ಪಿಟ್ಟಿತು.

"ಏನಿದು? ಏನ ಮಾಡಿಟ್ಟೀ ಇದು? ಆ ಸ್ಪ್ರೇ ಇಲ್ಲಿ ಕೊಡು!"

"ಕಣ್ಣು ಬಿಟ್ಟಾನ್ರಿ."

"ಬಿಟ್ಟರ ಬಿಡ್ಲಿ!" ಸ್ಪ್ರೇ ಗನ್ನಿಗೆ ಕೈ ಹಾಕಿದ.

ಮೂಲೆಯ ಮಂಚದಿಂದ ತಾತ್ಯಾಸಾಹೇಬರು ಎಡಗೈ ಎತ್ತಿದರು. ಲಕ್ವಾದ ಮೇಲೆ ಅವರ ಬಾಯಲ್ಲಿ ಮಾತು ಬರುತ್ತಿದ್ದದ್ದೇ ಅಪರೂಪ. "ದಿ... ದಿಲ್ಯಾ," ಎಂದು ತೊದಲಿದರು. "ಡೋಳೆ." ಮರಾಠಿಯಲ್ಲಿ ಕಣ್ಣು ಅಂದಷ್ಟೇ. ಮುಂದಿನದು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ದಿಲೀಪ ಗನ್ನನ್ನು ನೆಲಕ್ಕೆ ಒಗೆದ. "ನೀನ ಬಾ ನನ್ನ ಜೋಡಿ. ಬಾಯಾರು ಬೈದರ ನೀನ ಬೈಸ್ಕೋ. ಆಮ್ಯಾಲ ಅಲ್ಲಿಂದ ಸೀದಾ ಮನಿಗೆ ಹೋಗು."

ಟೆಂಪೋ ಸಾಂಗಲಿಯ ಹಾದಿ ಹಿಡಿಯಿತು. ಕೆಂಪವ್ವ ಹಸಿ ತಲೆಯನ್ನು ತೊಡೆಯ ಮೇಲೆ, ಮುಖ ಎಲ್ಲಿಯೂ ತಾಗದಂತೆ ಎರಡು ಕೈಯಲ್ಲಿ ಹಿಡಿದಿದ್ದಳು. ರಸ್ತೆಯ ಪ್ರತಿ ಕುಣಿಗೂ ಹಲ್ಲು ಕಚ್ಚಿ ಅದನ್ನು ಎತ್ತಿ ಹಿಡಿಯುತ್ತಿದ್ದಳು. ತಾನೇ ತಪ್ಪಾಗಿ ಕೇಳಿಸಿಕೊಂಡಿದ್ದರೆ? ಎಂದೂ ಬಾರದ ಸಂಶಯ ಸಾಂಗಲಿ ಹತ್ತಿರದ ವಿಶ್ರಾಮಬಾಗ ದಾಟುವಾಗ ಬಂತು.

ಕಾಲೇಜಿನ ಸಭಾಂಗಣದಲ್ಲಿ ಆಗಲೇ ಜನ ತುಂಬಿದ್ದರು. ತಲೆಯನ್ನು ಮೇಜಿನ ಮೇಲೆ ಇಟ್ಟೊಡನೆ ಕನ್ನಡಕದ ಹಿರಿಯರೊಬ್ಬರು ನಕ್ಕರು. "ಇಂವಾ ಯುರೋಪದಾಂವ? ನಮ್ಮ ಕಬ್ಬು ಕಡಿಯೋ ಟೋಳಿಯ ಮುಕಾದಮ ಇದ್ದಂಗ ಅದಾನಲ್ರಿ!" ಸುತ್ತಲಿನವರೂ ನಕ್ಕರು. ದಿಲೀಪ ಕೆಂಪವ್ವನನ್ನು ದುರುಗುಟ್ಟಿ ನೋಡಿದ.

ಪ್ರಾಜಕ್ತಾ ಜನರನ್ನು ಸರಿಸಿಕೊಂಡು ಬಂದಳು. ಬಗ್ಗಿ ನೋಡಿದಳು. ಒಂದು ಸುತ್ತು ಬಂದು ಮತ್ತೆ ಬಗ್ಗಿದಳು.

ದಿಲೀಪ ತಡೆಯಲಾರದೆ, "ಮ್ಯಾಡಮ್, ಏನ ಹೇಳ್ಲಿ, ನಮ್ಮ ಕೆಲಸದಾಕಿ..." ಎಂದ.

"ಬಣ್ಣ ಸರೀ ಬಂದೈತಿ," ಎಂದಳು ಪ್ರಾಜಕ್ತಾ. "ಹುಬ್ಬು ಮಾತ್ರ ದೇವರ ಹುಬ್ಬು ಆಗ್ಯಾವ ನೋಡ್ರಿ ಮಾವಶಿ. ಬಿಲ್ಲು ಬಗ್ಗಿಸಿದಂಗ."

ಕೆಂಪವ್ವ ನಾಲಿಗೆ ಕಚ್ಚಿಕೊಂಡಳು. ಅವಸರದಲ್ಲಿ ಕೈ ತನ್ನ ರೂಢಿಯ ಹಾದಿ ಹಿಡಿದಿತ್ತು. "ತಪ್ಪಾತ್ರಿ. ಆದರ ಈಗ ಮುಟ್ಟಾಕ ಬರಂಗಿಲ್ಲ."

"ಇರ್ಲಿ ಬಿಡ್ರಿ. ಹುಬ್ಬಿನ ಗೆರಿ ಹೆಂಗಿತ್ತು ಅಂತ ಡಿಎನ್ಎ ಹೇಳಂಗಿಲ್ಲ. ಅಷ್ಟು ನಿಮ್ಮದ." ಆಮೇಲೆ ಕನ್ನಡಕದವರ ಕಡೆ ತಿರುಗಿ, ಕಿವಿಯೊಳಗಿನ ಎಲುಬಿನಿಂದ ಕಥೆ ಶುರು ಮಾಡಿದಳು.

ದಿಲೀಪ ಪಕ್ಕದವರಿಗೆ ಹೇಳುತ್ತಿದ್ದದ್ದು ಕೆಂಪವ್ವನ ಕಿವಿಗೆ ಬಿತ್ತು: "ನಾ ಮೊದಲ ಹೇಳಿದ್ದೆ ಆಕಿಗೆ, ಕಾಗದದಾಗ ಹೆಂಗೈತಿ ಹಂಗ ಆಗಬೇಕು ಅಂತ."

ಅವಳು ಸಭಾಂಗಣ ಖಾಲಿಯಾಗುವವರೆಗೂ ಗೋಡೆಗೆ ಒರಗಿ ಕೂತು, ಪ್ರಾಜಕ್ತಾ ಹೇಳಿದ್ದನ್ನೇ ಹೊಸ ಹೊಸ ಜನರಿಗೆ ಹೇಳುವುದನ್ನು ಕೇಳಿದಳು.

ಟೆಂಪೋ ಹತ್ತುವಾಗ ದಿಲೀಪ ರಸ್ತೆಯ ಕಡೆ ನೋಡುತ್ತ, "ನಾಳೆ ಎಂಟಕ್ಕ ಬಾ," ಎಂದ.

"ಒಂಬತ್ತಕ್ಕ ಬರತೇನ್ರಿ," ಎಂದಳು ಕೆಂಪವ್ವ. "ಇವತ್ತ ಬಾಳ ದಣದೇನಿ."