ಅಗಸಿಗೆ ಹಚ್ಚಿದ ಸುಣ್ಣ

ವಿಜಯಪುರದಲ್ಲಿ ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಮ್ಮ ಕಾಕು, "ಹಳೇ ಗ್ವಾಡಿಗೋಳ ಫೋಟೋ ಹೊಡೀತಾಳ" ಎನ್ನುತ್ತಾಳೆ. ತಿದ್ದಿ ತಿದ್ದಿ ಸಾಕಾಗಿ ಈಗ ನಾನೂ ಹೂಂ ಎನ್ನುತ್ತೇನೆ. ಅದು ಬರೀ ಫೋಟೋ ಅಲ್ಲ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂತ ಸ್ಕ್ಯಾನರ್ ತನ್ನಷ್ಟಕ್ಕೆ ತಿರುಗುತ್ತಾ ಲೇಸರ್ ಬೆಳಕು ಬಿಡುತ್ತದೆ. ಬೆಳಕು ಎಲ್ಲೆಲ್ಲಿ ಕಲ್ಲಿಗೆ ತಾಗಿ ಮರಳುತ್ತದೋ ಅಲ್ಲೆಲ್ಲ ಒಂದೊಂದು ಚುಕ್ಕಿ. ಅಂಥ ಲಕ್ಷಗಟ್ಟಲೆ ಚುಕ್ಕಿ ಕೂಡಿ ಕಂಪ್ಯೂಟರಿನಲ್ಲಿ ಇಡೀ ಕಟ್ಟಡ ಎದ್ದು ನಿಲ್ಲುತ್ತದೆ. ನಾಳೆ ಒಂದು ಕಮಾನು ಬಿದ್ದರೆ ಅದು ಹೇಗಿತ್ತು ಅಂತ ತೋರಿಸಲು ನಮ್ಮ ಹತ್ತಿರ ಅದರ ಅಳತೆ ಇರುತ್ತದೆ. ನಗರದ ಗುಮ್ಮಟ, ಮಹಲು, ಬಾವಡಿ ಅಂತ ನಾನು ಇಷ್ಟು ವರ್ಷ ಮಾಡಿದ್ದು ಇದೇ ಕೆಲಸ. ಬಾದಶಹರ ಕಟ್ಟಡ ಅಳೆದವಳು ಅಂತ ಒಳಗೊಳಗೇ ಸ್ವಲ್ಪ ಧಿಮಾಕೂ ಇತ್ತು.

ಟಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವಾಗ ಒಳಗೆ ತಿರುಗಿದರೆ ನಮ್ಮೂರು. ಊರ ಬಾಯಿಗೆ ಒಂದು ಅಗಸಿ. ಎರಡೂ ಬದಿ ಕಲ್ಲಿನ ಕಟ್ಟೆ, ಮೇಲೆ ಕಮಾನು, ಎಂದೋ ತೆರೆದು ಗೋಡೆಗೆ ಆತುಕೊಂಡು ಅಲ್ಲೇ ನಿಂತುಬಿಟ್ಟ ದಪ್ಪ ಕಟ್ಟಿಗೆಯ ಬಾಗಿಲು. ಕಾರ ಹುಣ್ಣಿಮೆಯ ದಿನ ಈ ಅಗಸಿಗೆ ಅಡ್ಡಲಾಗಿ ಬೇವಿನ ತಪ್ಪಲು ಕಟ್ಟಿದ ಹಗ್ಗ ಬಿಗಿಯುತ್ತಾರೆ. ಅದಕ್ಕೆ ಕರಿ ಅನ್ನುತ್ತಾರೆ. ಸಿಂಗರಿಸಿದ ಎತ್ತುಗಳನ್ನು ಅದರ ಕೆಳಗೆ ಓಡಿಸುತ್ತಾರೆ. ಬಿಳಿ ಎತ್ತು ಮೊದಲು ಕರಿ ಹರಿದರೆ ಹಿಂಗಾರಿ ಜೋಳ ಚಲೋ, ಕೆಂದೆತ್ತು ಹರಿದರೆ ಮುಂಗಾರಿ ಚಲೋ ಎನ್ನುವುದು ನಂಬಿಕೆ. ಕರಿ ಕಟ್ಟುವ ಮಾನ, ಅದಕ್ಕೂ ಮೊದಲು ಅಗಸಿಗೆ ಸುಣ್ಣ ಹಚ್ಚುವ ಮಾನ ನಮ್ಮ ಮನೆತನದ್ದು. ನಮ್ಮಪ್ಪ ತೀರಿದ ಮೇಲೆ ಅದು ಅವನ ತಮ್ಮ, ನಮ್ಮ ಕಾಕಾನದಾಯಿತು.

ಒಂದು ವರ್ಷ ಬೇಸಗೆಯಲ್ಲಿ ಕಾಕಾ ಫೋನ್ ಮಾಡಿದ. ಹತ್ತು ಹೇಳಿದರೆ ಒಂದು ಮಾತಾಡುವವನು, ಅವತ್ತು ಒಂದೇ ಉಸಿರಿಗೆ ಎಲ್ಲ ಹೇಳಿದ.

"ಯವ್ವಾ, ಅಗಸಿ ಕೆಡವ್ತಾರಂತ. ಬಿರುಕು ಬಿಟ್ಟೇತಿ, ವಾಲೇತಿ ಅಂತಾರ. ನಿನ್ನ ಮಷೀನ್ ತಗೊಂಡು ಬಾ. ವಾಲೇತೋ ಇಲ್ಲೋ ಅದ ಹೇಳ್ಲಿ."

ಪಂಚಾಯ್ತಿ ಅಧ್ಯಕ್ಷೆಗೂ ಫೋನ್ ಹಚ್ಚಿದೆ. ಜಗಳಕ್ಕೆ ತಯಾರಾಗಿಯೇ ಹಚ್ಚಿದ್ದೆ. ಆಕೆ ನನಗೆ ಜಗಳ ಆಡಲು ಜಾಗವನ್ನೇ ಕೊಡಲಿಲ್ಲ.

"ಕಾರ ಹುಣ್ಣಿಮಿ ದಿನ ಇಡೀ ಊರು ಅದರ ಕೆಳಗ ನಿಂತಿರ್ತದರಿ. ಎತ್ತು ಓಡೂ ಮುಂದ ಒಂದು ಕಲ್ಲು ಉಳ್ಳಿ ಬಿದ್ರ ಯಾರು ಹೊಣಿ? ನನಗೇನು ಅಗಸಿ ಮ್ಯಾಲ ಸಿಟ್ಟಿಲ್ಲ. ಗಟ್ಟಿ ಐತಿ ಅಂತ ತೋರಸ್ರಿ, ಕೆಡವೂದಿಲ್ಲ. ಇಲ್ಲಂದ್ರ ಹುಣ್ಣಿಮಿಗಿಂತ ಮೊದಲ ಜೆಸಿಬಿ ಕರಸ್ತೀನಿ."

ಆಕೆ ಹೇಳಿದ್ದು ಖರೆ. ಖರೆ ಇದ್ದದ್ದಕ್ಕೇ ನನಗೆ ಮತ್ತಷ್ಟು ಸಿಟ್ಟು ಬಂತು.

ಒಂದು ರವಿವಾರ ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಹುಡುಗಿ ಸ್ಕ್ಯಾನರ್ ಪೆಟ್ಟಿಗೆ ಹೊತ್ತು ಜೀಪಿನಲ್ಲಿ ಹೊರಟೆವು. ಊರಿನ ತಿರುವಿಗೆ ಬಂದಾಗ ದೂರದಿಂದಲೇ ಅಗಸಿ ಕಂಡಿತು. ಆಗಷ್ಟೇ ನೀಲಿ ಹಾಕಿ ಒಣಗಿಸಿದ ದೋತರದ ಹಾಗೆ ಹೊಳೆಯುತ್ತಿತ್ತು. ಬಿರುಕು ನೋಡೋಣ ಅಂದರೆ ಬಿರುಕೇ ಇಲ್ಲ. ಅದಕ್ಕೆ ಗಾರೆ ಮೆತ್ತಿ, ಮೇಲೆ ಎರಡು ಸಲ ಸುಣ್ಣ ಹೊಡೆದು ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಅವನ ಮೀಸೆಯಲ್ಲೂ ಸುಣ್ಣ ಇತ್ತು.

ನನ್ನ ತಲೆ ಕೆಟ್ಟಿತು. ಹಿರಿಯರು ಕಿರಿಯರು ಅಂತ ನೋಡದೆ ಬಾಯಿ ಬಿಟ್ಟೆ.

"ಬಿರುಕು ನೋಡಾಕ ಬಂದೀನಿ, ನೀ ಬಿರುಕನ್ನ ಮುಚ್ಚೀಯಲ್ಲ ಕಾಕಾ."

"ಹೆಣ್ಣು ತೋರಸೂ ಮುಂದ ಮಾರಿಗಿ ಪೌಡರ್ ಹಚ್ಚೂದಿಲ್ಲೇನು?" ಅಂದ ಅವನು, ತಪ್ಪೇನಾಯಿತು ಎನ್ನುವ ಹಾಗೆ.

"ಇದು ಹೆಣ್ಣು ತೋರಸೂದಲ್ಲ. ದವಾಖಾನಿ."

ಅವನು ತಲೆ ತಗ್ಗಿಸಿದ. ಪಾಪ ಅನ್ನಿಸಿತು. ಯಂತ್ರ ಪಾಸು ಫೇಲು ಮಾಡುವ ಸಾಹೇಬ ಅಂತ ತಿಳಿದು, ಇದ್ದ ಒಂದೇ ಉಪಾಯ ಮಾಡಿದ್ದ. ಅಷ್ಟರಲ್ಲಿ ಕಾಕು ಇನ್ನೊಂದು ಕಡೆ ಕೈ ನಡೆಸಿದ್ದಳು. ಒಂದೊಂದು ಕಡೆಯಿಂದ ಮಾಡಿದ ಸ್ಕ್ಯಾನುಗಳನ್ನು ಆಮೇಲೆ ಒಂದಕ್ಕೊಂದು ಕೂಡಿಸಬೇಕಲ್ಲ, ಅದರ ಗುರುತಿಗೆಂದು ನಾವು ಅಲ್ಲಲ್ಲಿ ಬಿಳಿ ಚೆಂಡು ಇಡುತ್ತೇವೆ. ಕಟ್ಟೆಯ ಮೇಲಿಟ್ಟ ಮೂರಕ್ಕೂ ಆಕೆ ವಿಭೂತಿ ಬಳಿದು ನಡುವೆ ಕುಂಕುಮ ಇಟ್ಟು ಕೈ ಮುಗಿಯುತ್ತಿದ್ದಳು. ನಾನು ಬೈಯಲು ಹೊರಟೆ. ಜೊತೆಗಿದ್ದ ಹುಡುಗಿ ನಗು ತಡೆಯಲಾರದೆ, "ಇರ್ಲಿ ಬಿಡ್ರಿ ಅಕ್ಕಾರ, ವಿಭೂತಿ ಹೆಂಗೂ ಬೆಳ್ಳಗ ಐತಿ, ಕುಂಕುಮ ಅಷ್ಟು ಒರಸೂಣು" ಅಂದಳು. ನನಗೂ ನಗು ಬಂತು. ಬಂದ ಸಿಟ್ಟು ಆ ನಗುವಿನಲ್ಲಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಮಧ್ಯಾಹ್ನದವರೆಗೆ ಕೆಲಸ ನಡೆಯಿತು. ಹೊರಗಿನಿಂದ, ಒಳಗಿನಿಂದ, ಪಕ್ಕದ ಮಾಳಿಗೆಯ ಮೇಲಿನಿಂದ. ಕೊನೆಗೆ ಹಳೆಯ ಬಾಗಿಲು ಮತ್ತು ಗೋಡೆಯ ನಡುವಿನ ಸಂದಿಯ ಎದುರಿಗೂ ಸ್ಕ್ಯಾನರ್ ಇಟ್ಟೆ. ಊರವರೆಲ್ಲ ಬೇವಿನ ಗಿಡದ ಕೆಳಗೆ ಸಾಲಾಗಿ ಕೂತು, ಯಂತ್ರ ತಿರುಗಿದಾಗೆಲ್ಲ ಮಾತು ನಿಲ್ಲಿಸುತ್ತಿದ್ದರು. ಮಾತಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ನಾನು ಹೇಳಲಿಲ್ಲ. ನಮ್ಮೂರು ಅಷ್ಟು ಸುಮ್ಮನಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆಮೇಲೆ ಕಾಕು ಕಟ್ಟೆಗೇ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ತಂದಳು. ಉಂಡು ಹೊರಟೆವು.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಅಂಗಡಿಗಳ ಮೇಲಿನ ಮಾಳಿಗೆಯಲ್ಲಿ ನಮ್ಮ ಆಫೀಸು. ಸೋಮವಾರ ಕೆಳಗೆ ಆಟೋಗಳ ಗದ್ದಲ ನಡೆದಿರುವಾಗ ಎಲ್ಲ ಸ್ಕ್ಯಾನ್ ಕೂಡಿಸಿದೆ. ಅಗಸಿ ಪರದೆಯ ಮೇಲೆ ಎದ್ದಿತು. ದೊಡ್ಡ ದೊಡ್ಡ ಗುಮ್ಮಟಗಳನ್ನು ಪರದೆಯ ಮೇಲೆ ಕತ್ತರಿಸಿ ನೋಡಿದವಳು ಈಗ ನಮ್ಮೂರ ಅಗಸಿಯ ನೇರ ಅಳೆಯಲು ಕೂತೆ. ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದೆ. ಅಗಸಿ ನೆಟ್ಟಗಿತ್ತು. ತಪ್ಪಿರಬೇಕು ಅಂತ ಇನ್ನೊಂದು ಕಡೆ ಎಳೆದೆ. ಅಲ್ಲೂ ನೆಟ್ಟಗೆ. ವಾಲಿದ್ದು ಅದರ ಪಕ್ಕದ ಕರೆಂಟಿನ ಕಂಬ. ಇಷ್ಟು ವರ್ಷ ನಾವೆಲ್ಲ ಆ ಕಂಬ ನೆಟ್ಟಗಿದೆ ಅಂತ ನಂಬಿ ಅಗಸಿಯನ್ನು ಡೊಂಕು ಅನ್ನುತ್ತಿದ್ದೆವು. ಒಬ್ಬಳೇ ಕುರ್ಚಿಯಲ್ಲಿ ಕೂತು ಬಿದ್ದು ಬಿದ್ದು ನಕ್ಕೆ.

ಇನ್ನೊಂದು ಸಂಗತಿಯೂ ಕಂಡಿತು. ಬಾಗಿಲ ಹಿಂದೆ ಯಾರ ಕುಂಚವೂ ಮುಟ್ಟದ ಜಾಗದಲ್ಲಿ ಕಲ್ಲು ಒಳಗಿತ್ತು. ಉಳಿದ ಗೋಡೆ ಅದಕ್ಕಿಂತ ಎರಡು ಬೆರಳು ಮುಂದೆ ಬಂದಿತ್ತು. ಆ ಎರಡು ಬೆರಳು ಕಲ್ಲಲ್ಲ. ವರ್ಷಾ ವರ್ಷ ನಾವು ಮೆತ್ತಿದ ಗಾರೆ, ಸುಣ್ಣ. ಹಾಗಾದರೆ ಬಿರುಕು ಎಷ್ಟು ಆಳಕ್ಕಿದೆ?

ಮರುದಿನ ಲ್ಯಾಪ್‌ಟಾಪ್ ಊರ ಅಗಸಿಯ ಕಟ್ಟೆಯ ಮೇಲಿಟ್ಟು ಎಲ್ಲರಿಗೂ ತೋರಿಸಿದೆ. ಕಂಬದ ಮಾತಿಗೆ ಇಡೀ ಊರು ನಕ್ಕಿತು. ಅಧ್ಯಕ್ಷೆ ಮಾತ್ರ ನಗಲಿಲ್ಲ. "ನೆಟ್ಟಗ ಐತಿ, ಒಪ್ಪಿದೆ. ಬಿರುಕು?" ಅಂದಳು.

ನೋಡಬೇಕಾದರೆ ಕೆರೆಯಬೇಕು. ಕೆರೆಯುವುದು ಯಾರು? ನಾನು ಉಳಿ ಎತ್ತಿಕೊಂಡೆ. ಕಾಕಾ ಅದನ್ನು ನನ್ನ ಕೈಯಿಂದ ಇಸಿದುಕೊಂಡ. "ಹಚ್ಚಿದವ್ರು ನಾವು" ಅಂದ, ಅಷ್ಟೇ.

ಮೊದಲು ಅವನು ಮೊನ್ನೆ ಮೆತ್ತಿದ್ದು ಉದುರಿತು. ಬಿರುಕು ಮತ್ತೆ ಬಾಯಿ ತೆರೆಯಿತು. ಅದರ ಕೆಳಗೆ ಬಿಳಿ, ಅದರ ಕೆಳಗೆ ತಿಳಿ ನೀಲಿ. "ಇದು ನಿಮ್ಮಪ್ಪನ ಲಗ್ನದ ವರ್ಷದ್ದು, ನೀಲಿ ಜಾಸ್ತಿ ಆಗಿ ನಮ್ಮವ್ವ ಬೈದಿದ್ಲು" ಅಂದ. ಇನ್ನೂ ಕೆಳಗೆ ಕೆಮ್ಮಣ್ಣು. "ಮುತ್ಯಾನ ಕೈ ಇದು, ನಮ್ಮಪ್ಪಂದು." ಅದರ ಕೆಳಗಿನವು ಅವನಿಗೂ ಗೊತ್ತಿರಲಿಲ್ಲ. ಪ್ರತಿ ಪದರದಲ್ಲೂ ಬಿರುಕು ಸಣ್ಣದಾಗುತ್ತ ಹೋಯಿತು. ಕೊನೆಗೆ ಉಳಿ ಠಣ್ ಅಂತು. ಕರಿಕಲ್ಲು. ಅಲ್ಲಿ ಗೀರೂ ಇರಲಿಲ್ಲ. ಬಿರುಕು ಬಿಟ್ಟದ್ದು ಅಗಸಿ ಅಲ್ಲ, ನಮ್ಮ ಸುಣ್ಣ. ಅಧ್ಯಕ್ಷೆ ಬಿರುಕಿನ ಉದ್ದಕ್ಕೂ ಕೆರೆಸಿ, ತಾನೇ ಬೆರಳಾಡಿಸಿ ನೋಡಿದಳು. ಆಮೇಲೆ, "ಜೆಸಿಬಿ ಬ್ಯಾಡ ಅಂತ ಹೇಳ್ತೀನ್ರಿ" ಅಂದಳು.

ಕಾಕಾ ಕಲ್ಲಿನ ಮೇಲೆ ಅಂಗೈ ಇಟ್ಟು ನಿಂತಿದ್ದ. "ಹುಟ್ಟಿದಾಗಿಂದ ಇದರ ಮಗ್ಗಲದಾಗ ಅದೀನಿ. ಇದರ ಬಣ್ಣ ನೋಡಿದ್ದಿಲ್ಲ."

ಅವತ್ತಿನ ಖುಷಿಯಲ್ಲಿ ನಾನು ಹೇಳಬೇಕಾದ ಒಂದು ಮಾತನ್ನು ನಾಲ್ಕು ದಿನ ಮುಂದೂಡಿದೆ. ಕೊನೆಗೆ ಊರಿಗೆ ಹೋಗಿ ಹೇಳಿದೆ. ಸುಣ್ಣ ಪೂರ್ತಿ ತೆಗೆಯಬೇಕು, ಇನ್ನು ಮೇಲೆ ಹಚ್ಚಬಾರದು. ನಾಳೆ ಕಲ್ಲಿಗೇ ನಿಜವಾದ ಬಿರುಕು ಬಂದರೆ ಕಣ್ಣಿಗೆ ಕಾಣಬೇಕು. ಕಾಕಾ ಎದ್ದು ಹೋಗಿ ಎತ್ತಿಗೆ ನೀರು ಕುಡಿಸಿ ಬಂದು ಕೂತ. ಅಗಸಿ ಉಳಿದಿತ್ತು, ಅವನ ಮಾನದಲ್ಲಿ ಅರ್ಧ ಹೋಗಿತ್ತು. ಹಾಗೆ ಮಾಡಿದವಳು ನಾನೇ.

ಕಾರ ಹುಣ್ಣಿಮೆಗೆ ಊರಿಗೆ ಹೋದೆ. ಅಗಸಿ ಕಪ್ಪಗೆ, ತೊಳೆದ ಎಮ್ಮೆಯ ಹಾಗೆ ಮಿಂಚುತ್ತಿತ್ತು. ಕಾಕಾ ಕರಿ ಕಟ್ಟಿದ. ಹಲಗೆ ಬಡಿದರು. ಎತ್ತುಗಳು ಧೂಳೆಬ್ಬಿಸಿ ಬಂದವು, ಬಿಳಿ ಎತ್ತೇ ಮೊದಲು ಹರಿಯಿತು. ಎಲ್ಲರೂ ಹಿಂಗಾರಿ ಜೋಳದ ಮಾತಾಡುತ್ತ ಚದುರಿದರು. ಅಧ್ಯಕ್ಷೆಯೂ ಕಮಾನಿನ ಕೆಳಗೇ ನಿಂತು ಕೊಬ್ಬರಿ ತಿನ್ನುತ್ತಿದ್ದಳು.

ಜನ ಕರಗಿದ ಮೇಲೆ ಕಾಕಾ ನನ್ನನ್ನು ಬಾಗಿಲ ಹತ್ತಿರ ಕರೆದ. ಕೈಯಲ್ಲಿ ಸುಣ್ಣದ ಡಬ್ಬಿ ಇತ್ತು, ಎಲೆಗೆ ಹಚ್ಚಿಕೊಳ್ಳುತ್ತಾರಲ್ಲ, ಅಂಥದ್ದು. ಉಂಗುರಬೆರಳು ಅದ್ದಿ, ಕಮಾನು ಎದ್ದು ನಿಲ್ಲುವ ಕಲ್ಲಿಗೆ ಕುಂಕುಮದಷ್ಟೇ ಒಂದು ಬೊಟ್ಟು ಇಟ್ಟ.

"ಇಷ್ಟು ನಿನ್ನ ಮಷೀನಿಗಿ ಕಾಣ್ತೇತೇನಬೇ?"

"ಇಲ್ಲ ಬಿಡು ಕಾಕಾ, ಇಷ್ಟು ಕಾಣೂದಿಲ್ಲ" ಅಂದೆ.

ಅವನು ನಕ್ಕು ಡಬ್ಬಿ ಮುಚ್ಚಿದ. ಸುಣ್ಣ ತೆಗೆದ ಅಗಸಿಯನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕಿತ್ತು, ಮರುದಿನವೇ ಮಾಡಿದೆ. ಪರದೆಯ ಮೇಲೆ ಕಪ್ಪು ಕಲ್ಲಿನ ನಡುವೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅದೇ ಬೊಟ್ಟು. ಕಟ್ಟಡಕ್ಕೆ ಸಂಬಂಧ ಇಲ್ಲದ ಚುಕ್ಕಿಗಳನ್ನೆಲ್ಲ ಅಳಿಸಿಯೇ ಫೈಲು ಒಳಗಿಡಬೇಕು ಎನ್ನುವುದು ನಮ್ಮ ಆಫೀಸಿನ ನಿಯಮ. ಕಂಬ ಅಳಿಸಿದೆ, ವೈರು ಅಳಿಸಿದೆ, ಕಟ್ಟೆಯ ಮೇಲೆ ಮಲಗಿದ್ದ ನಾಯಿಯನ್ನೂ ಅಳಿಸಿದೆ. ಬೊಟ್ಟು ಹಾಗೇ ಇದೆ.