ಪಾರ್ಕಿನ ಹೋಟೆಲಿನ ಅಮ್ಮ

ನಡೀನ್ ಟಿಲ್ಮನ್ ಹತ್ತು ವರ್ಷಕ್ಕೂ ಮೇಲೆ ಸಂಬಳಕ್ಕೆ ಅಮ್ಮನಾಗಿದ್ದಳು.

ಫ್ಲಾರಿಡಾದ ಹೇನ್ಸ್ ಸಿಟಿಯಲ್ಲಿ ಮನೆಗೊಬ್ಬರಾದರೂ ಹತ್ತಿರದ ದೊಡ್ಡ ಮನರಂಜನಾ ಪಾರ್ಕಿನಲ್ಲಿ ದುಡಿಯುವವರು ಇದ್ದೇ ಇರುತ್ತಾರೆ. ಒಬ್ಬ ಆಟದ ರೈಲು ಓಡಿಸುತ್ತಾನೆ, ಇನ್ನೊಬ್ಬಳು ಉರಿಬಿಸಿಲಲ್ಲಿ ಕರಡಿಯ ವೇಷ ತೊಟ್ಟು ಮಕ್ಕಳ ಕೈ ಕುಲುಕುತ್ತಾಳೆ. ನಡೀನಳ ಪಾಲಿಗೆ ಬಂದದ್ದು ‘ಮಾಮಾಸ್ ಟೇಬಲ್’ ಎಂಬ ಹೋಟೆಲು. ಅಜ್ಜಿಯ ಕಾಲದ ಅಡುಗೆಮನೆಯ ಹಾಗೆ ಕಟ್ಟಿದ ಜಾಗ. ಹೂವಿನ ಪರದೆ, ಹಳದಿ ಫ್ರಿಜ್ಜು, ಮೂಲೆಯಲ್ಲಿ ಕಪ್ಪುಬಿಳುಪು ಟಿವಿ. ಅಲ್ಲಿ ಬಡಿಸುವ ಹೆಂಗಸರಿಗೆಲ್ಲ ಅಮ್ಮ ಎಂದೇ ಹೆಸರು, ಬಂದ ಗಿರಾಕಿಗಳೆಲ್ಲ ಮಕ್ಕಳು.

“ಏಯ್, ಮೊಣಕೈ ಮೇಜಿಂದ ತೆಗಿ! ಕೈ ತೊಳ್ಕೊಂಡ್ಯಾ? ಎಲ್ಲಿ, ತೋರ್ಸು ನೋಡೋಣ.”

ಬೀನ್ಸ್ ಮುಗಿಸದವರಿಗೆ ಐಸ್‌ಕ್ರೀಮ್ ಇಲ್ಲ. ಎದುರು ಮಾತಾಡಿದರೆ ಮೂಲೆಯಲ್ಲಿ ನಿಲ್ಲಬೇಕು. ದೊಡ್ಡ ದೊಡ್ಡ ಗಂಡಸರು, ವಕೀಲರು, ಫುಟ್‌ಬಾಲ್ ಕೋಚುಗಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು ನಡೀನಳ ಮಾತು ಕೇಳುತ್ತಿದ್ದರು. ತಮ್ಮ ತಟ್ಟೆಯನ್ನು ತಾವೇ ಎತ್ತಿ ಅಡುಗೆಮನೆಯ ಬಾಗಿಲ ತನಕ ತಂದುಕೊಡುತ್ತಿದ್ದರು. ಅವರ ಹೆಂಡತಿಯರು ಕುರ್ಚಿಯಿಂದ ಎದ್ದು ಬಂದು ಫೋಟೋ ತೆಗೆಯುತ್ತಿದ್ದರು. ಮನೆಯಲ್ಲಿ ಕಾಣದ್ದನ್ನು ಇನ್ನೆಲ್ಲಿ ಕಂಡಾರು!

“ಹೆರಲಿಲ್ಲ, ಹೊರಲಿಲ್ಲ, ದಿನಕ್ಕೆ ನೂರಾರು ಮಕ್ಕಳು ನಿಂಗೆ,” ಎಂದು ನಾದಿನಿ ಪೆಗ್ಗಿ ಚುಚ್ಚುತ್ತಿದ್ದಳು.

“ಸಂಜೆ ಆದ್ರೆ ಎಲ್ಲಾ ಅವರವರ ಮನೆಗೆ ಹೋಗ್ತಾರೆ. ನಿನ್ನವು ಹೋಗ್ತಾವಾ?” ಎಂದು ನಡೀನ್ ತಿರುಗೇಟು ಕೊಡುತ್ತಿದ್ದಳು.

ಹೇಳಿದ್ದು ತಮಾಷೆಗಾದರೂ ಆ ಕೆಲಸದಲ್ಲಿ ಅವಳಿಗೆ ಹಿಡಿಸಿದ್ದೇ ಅದು. ಅದು ಮುಗಿಯುತ್ತಿತ್ತು. ಪಾಳಿ ಮುಗಿದ ಮೇಲೆ ಯಾರಾದರೂ “ಅಮ್ಮಾ, ನೀರು” ಎಂದರೆ ಅದು ಬೇರೆ ಅಮ್ಮನ ಪಾಡು. ನೌಕರರ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ, ಬೂಟು ಕಳಚಿ, ಪಕ್ಕದ ಸೀಟಿನ ಮೇಲೆ ಕಾಲು ಚಾಚುತ್ತಿದ್ದಳು. ಕಾರು ನಿಲ್ಲಿಸಿದ ಜಾಗ ಬರುವ ತನಕ ಅವಳು ಯಾರಿಗೂ ಏನೂ ಅಲ್ಲ.

ಮನೆಯಲ್ಲಿ ಗಂಡ ಲೈಲ್. ಎಸಿ ರಿಪೇರಿಯವನು. ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೈ ಮಾಡುವುದಿಲ್ಲ, ಭಾನುವಾರ ತಪ್ಪದೆ ಚರ್ಚಿಗೆ ಬರುತ್ತಾನೆ. ಊಟವಾದ ಮೇಲೆ ತಟ್ಟೆಯನ್ನು ಇದ್ದಲ್ಲೇ ಬಿಟ್ಟು ಏಳುತ್ತಾನೆ, ಅಷ್ಟೇ.

ಲೈಲ್‌ನ ಅಪ್ಪ ಆರ್ವಿಲ್ ಟಿಲ್ಮನ್ ಕಿತ್ತಳೆ ಪ್ಯಾಕಿಂಗ್ ಶೆಡ್ಡಿನ ಮೇಸ್ತ್ರಿಯಾಗಿದ್ದ ಮನುಷ್ಯ. ಶೆಡ್ಡಿನಲ್ಲಿ ಹೆಂಗಸರು ತಲೆ ಎತ್ತಿ ಮಾತಾಡಿದ್ದಿಲ್ಲ, ಮನೆಯಲ್ಲಿ ಹೆಂಡತಿ ಮಾತಾಡಿದ್ದಿಲ್ಲ. ಸೊಸೆಯಾಗಿ ಬಂದ ದಿನದಿಂದ ನಡೀನ್ ಅವರನ್ನು ಮಿಸ್ಟರ್ ಟಿಲ್ಮನ್ ಎಂದೇ ಕರೆಯುತ್ತಿದ್ದಳು. ಬೇರೆ ಥರ ಕರಿ ಎಂದು ಅವರು ಹೇಳಿರಲಿಲ್ಲ. ಅವಳನ್ನು ಕರೆಯಬೇಕಾದಾಗ ಅವರು ಲೈಲ್‌ನ ಕಡೆ ನೋಡಿ “ಅವಳಿಗೆ ಹೇಳು” ಎನ್ನುತ್ತಿದ್ದರು.

ಒಂದೇ ಒಂದು ಸಲ ಆ ಮನುಷ್ಯ ಅವಳ ಮಾತು ಕೇಳಿದ್ದು ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ. ನೌಕರರ ರಿಯಾಯಿತಿ ಇದೆಯೆಂದು ಎಲ್ಲರೂ ಮಾಮಾಸ್ ಟೇಬಲ್‌ಗೆ ಹೋಗಿದ್ದರು. ಅವರ ಮೇಜಿಗೆ ಅಂದು ನಡೀನಳೇ ಅಮ್ಮ. ದನದ ಮಾಂಸದ ರೋಸ್ಟ್ ಮುಂದಿಟ್ಟು, ಉಸಿರು ಬಿಗಿಹಿಡಿದು, “ಏನೋ ಆರ್ವಿಲ್, ಟೋಪಿ ಹಾಕ್ಕೊಂಡು ಊಟಕ್ಕೆ ಕೂರ್ತಾರೇನೋ?” ಎಂದಳು. ಮುದುಕರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕಿಲಕಿಲ ನಕ್ಕರು. ಬೀನ್ಸ್ ಮುಗಿಸಿದರು. ತಟ್ಟೆ ತೆಗೆದುಕೊಂಡು ಹೋಗಿ ಕೊಟ್ಟರು. ಕಾರಿಗೆ ವಾಪಸು ಬರುವಷ್ಟರಲ್ಲಿ ಮತ್ತೆ “ಅವಳಿಗೆ ಹೇಳು, ಕಿಟಕಿ ಏರಿಸಲಿ” ಶುರುವಾಗಿತ್ತು.

ಹೆಂಡತಿ ತೀರಿಕೊಂಡ ಚಳಿಗಾಲದಲ್ಲೇ ಮುದುಕರಿಗೆ ಲಕ್ವ ಹೊಡೆಯಿತು. ಎಡಗೈ ಬಿದ್ದುಹೋಯಿತು, ನೆನಪು ಅಲ್ಲಲ್ಲಿ ತೂತು ಬಿತ್ತು. ಮಗನ ಮನೆಯ ಮುಂದಿನ ಕೋಣೆಗೆ ಬಂದರು. ಬಂದವರು ಊಟ ಬಿಟ್ಟರು. ಸೂಪು, ಮೊಟ್ಟೆ, ಜೋಳದ ಗಂಜಿ, ಕರಿದ ಕೋಳಿ, ಏನು ಕೊಟ್ಟರೂ ಬಲಗೈಯಿಂದ ಸರಿಸುತ್ತಿದ್ದರು.

“ಏನು ಬೇಕಪ್ಪ ನಿಂಗೆ?” ಎಂದು ಲೈಲ್ ಕೇಳಿದ.

“ಪಾರ್ಕಿಂದು. ಆ ರೋಸ್ಟು.”

ಅಲ್ಲಿಗೆ ಕರೆದೊಯ್ಯಲು ಹೋದರೆ ಬಿಸಿಲಿಗೆ ಗೇಟಿನ ಹೊರಗೇ ಎಚ್ಚರ ತಪ್ಪಿದರು. ನೌಕರರಂತೂ ಒಂದು ಚಮಚ ಗ್ರೇವಿಯನ್ನೂ ಹೊರಗೆ ತರುವ ಹಾಗಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋದ ಹಾಗೆಯೇ.

“ನೀನೇ ಮಾಡು,” ಎಂದ ಲೈಲ್. “ಇಷ್ಟು ವರ್ಷದಿಂದ ಬಡಿಸ್ತಿದ್ದೀಯ. ಮಾಡೋಕೆ ಬರಲ್ವಾ?”

“ನೀನು ಎಸಿ ರಿಪೇರಿ ಮಾಡ್ತೀಯ. ಗಾಳಿ ಮಾಡೋಕೆ ಬರುತ್ತಾ?”

ಅವನು ನಕ್ಕ. ನಕ್ಕರೆ ಒಪ್ಪಿದ ಹಾಗಲ್ಲ. ಮುದುಕರನ್ನು ಬಿಟ್ಟು ಹೋಗುವಂತಿರಲಿಲ್ಲ. ಯಾರಾದರೂ ರಜೆ ಹಾಕಬೇಕಿತ್ತು. ಯಾರು ಎಂಬ ಪ್ರಶ್ನೆಯೇ ಆ ಮನೆಯಲ್ಲಿ ಏಳಲಿಲ್ಲ. ಬೇಸಿಗೆಯಲ್ಲಿ ಎಸಿ ರಿಪೇರಿಯವನು ಮನೆಯಲ್ಲಿ ಕೂರುವುದುಂಟೇ? ನಡೀನ್ ಫೋನು ಮಾಡಿದಾಗ ಅವಳ ಮೇಲಿನ ಮ್ಯಾನೇಜರ್ ಯೊಲಾಂಡ ಖಂಡಿತವಾಗಿ ಹೇಳಿದಳು: “ನೋಡು, ಸ್ಕೂಲಿಗೆ ರಜೆ ಶುರುವಾಗೋ ಸೋಮವಾರದ ತನಕ ನಿನ್ನ ಜಾಗ ಹಿಡ್ಕೊಂಡಿರ್ತೀನಿ. ಆಮೇಲೆ ಜನ ಮುಗಿಬೀಳ್ತಾರೆ, ಮೇಲಿನವರು ಹೊಸಬರನ್ನ ತಗೋ ಅಂತಾರೆ. ನಿನ್ನ ವಯಸ್ಸಿನವರನ್ನ ಮತ್ತೆ ತಗೊಳ್ಳಲ್ಲ ನಡೀನ್. ಮುಚ್ಚುಮರೆ ಯಾಕೆ.”

ನಡೀನ್ ಲೆಕ್ಕ ಹಾಕಿದಳು. ರೋಸ್ಟಿನ ರುಚಿ ಒಮ್ಮೆ ಕೈಗೆ ಹತ್ತಿದರೆ ಮಾಡಿ ಮಾಡಿ ಫ್ರೀಜರಿನಲ್ಲಿ ತುಂಬಿಡಬಹುದು. ಮಧ್ಯಾಹ್ನ ಪೆಗ್ಗಿ ಬಂದು ಬಿಸಿ ಮಾಡಿ ಕೊಟ್ಟರಾಯಿತು. ಪೆಗ್ಗಿ ಒಪ್ಪಿಯೂ ಇದ್ದಳು. “ಬಿಸಿ ಮಾಡೋದು ತಾನೇ? ಮಾಡ್ತೀನಿ. ಬೇಯ್ಸು ಅಂದ್ರೆ ಮಾತ್ರ ನನ್ನ ಕೇಳ್ಬೇಡ.” ಮುದುಕರು ತನ್ನ ಕೈಯಿಲ್ಲದೆ ಉಂಡರೆ ತಾನು ಆ ಬಸ್ಸಿನ ಹಿಂದಿನ ಸೀಟಿಗೆ ಮರಳಿದ ಹಾಗೆ.

ಮೊದಲ ಸಲ ಶ್ರದ್ಧೆಯಿಂದ ಮಾಡಿದಳು. ದನದ ಭುಜದ ಮಾಂಸದ ದೊಡ್ಡ ತುಂಡಿಗೆ ಉಪ್ಪು ಮೆಣಸು ತಿಕ್ಕಿ, ದಪ್ಪ ತಳದ ಕಬ್ಬಿಣದ ಪಾತ್ರೆಯಲ್ಲಿ ಎಲ್ಲ ಮೈಯೂ ಕಂದುಬಣ್ಣಕ್ಕೆ ಬರುವಂತೆ ಹುರಿದು, ಈರುಳ್ಳಿ, ಕ್ಯಾರೆಟ್, ಕೆಂಪು ವೈನ್, ಪಲಾವ್ ಎಲೆ ಹಾಕಿ, ಮಧ್ಯಾಹ್ನವಿಡೀ ಓವನ್ನಿನಲ್ಲಿ ಬೇಯಿಸಿದಳು. ಮನೆಯೆಲ್ಲ ಘಮ. ಪಕ್ಕದ ಮನೆಯವರು ಬೇಲಿಯಾಚೆಯಿಂದ ಮೂಗು ಅರಳಿಸಿದರು. ಮುದುಕರು ಒಂದು ಚೂರು ಬಾಯಿಗಿಟ್ಟು ಕರವಸ್ತ್ರಕ್ಕೆ ಉಗಿದರು.

“ಇದಲ್ಲ.”

ಎರಡನೆಯ ಸಲ ಅಂತರ್ಜಾಲದಲ್ಲಿ ಯಾರೋ ಪಾರ್ಕಿನ ಗುಟ್ಟು ಎಂದು ಹಾಕಿದ್ದ ರೀತಿಯಲ್ಲಿ ಮಾಡಿದಳು. ಅದೂ ಅಲ್ಲ. ಲೈಲ್ ಮಾತ್ರ ಎರಡು ಸಲವೂ ಎರಡೆರಡು ಬಾರಿ ಹಾಕಿಸಿಕೊಂಡ.

ಕೊನೆಗೆ ಯೊಲಾಂಡಳನ್ನೇ ಕೇಳಿದಳು. ಯೊಲಾಂಡ ಫೋನಿನಲ್ಲಿ ಗಹಗಹಿಸಿದಳು. “ಯಾರೇ ಬೇಯ್ಸ್ತಾರೆ ನಮ್ಮಲ್ಲಿ? ಎಲ್ಲೋ ಬೇಯ್ಸಿದ್ದು ಚೀಲದಲ್ಲಿ ಬರುತ್ತೆ. ನೀನೇ ನೋಡಿಲ್ವಾ?”

ನೋಡಿದ್ದಳು. ಆದರೆ ಯೋಚಿಸಿರಲಿಲ್ಲ. ಅಲ್ಲಿಯ ರುಚಿ ತಂಗಳಿನ ರುಚಿ. ನಿನ್ನೆ ಬೇಯಿಸಿದ ಮಾಂಸ ತನ್ನದೇ ಗ್ರೇವಿಯಲ್ಲಿ ತಣ್ಣಗೆ ಕೂತು, ಇಂದು ಹಬೆಯಲ್ಲಿ ಗಂಟೆಗಟ್ಟಲೆ ಕಾದು, ಕ್ಯಾರೆಟ್ಟು ನಾಲಿಗೆಯ ಮೇಲೇ ಕರಗುವಂತಾದ ರುಚಿ. ನಡೀನ್ ವೈನನ್ನು ಬಿಟ್ಟಳು. ಪೊಟ್ಟಣದ ಈರುಳ್ಳಿ ಸೂಪಿನ ಪುಡಿ ಸುರಿದಳು. ಬೆಂದದ್ದನ್ನು ಫ್ರಿಜ್ಜಿನಲ್ಲಿಟ್ಟು, ಮರುದಿನ ತಣ್ಣಗಿರುವಾಗಲೇ ಹೋಳು ಮಾಡಿ, ಗ್ರೇವಿಯ ಜೊತೆ ಚೀಲಕ್ಕೆ ತುಂಬಿ ಬಿಸಿನೀರಿನಲ್ಲಿ ಇಳಿಬಿಟ್ಟಳು. ಆಲೂಗಡ್ಡೆಯನ್ನು ಬೇಯಿಸಿ ಹಿಸುಕುವ ಬದಲು ಡಬ್ಬಿಯ ಪುಡಿಗೆ ನೀರು ಕಲಸಿದಳು. ಡಬ್ಬಿಯ ಬೀನ್ಸ್ ಪಕ್ಕಕ್ಕಿಟ್ಟಳು. ಇಷ್ಟು ವರ್ಷದ ಕೈಯ ಹದವನ್ನೆಲ್ಲ ಬದಿಗಿಟ್ಟು ಮಾಡಿದ ಅಡುಗೆ.

ತಟ್ಟೆ ಇಡುವಾಗ ಬಾಯಿ ತನ್ನಷ್ಟಕ್ಕೆ ಆಡಿತು. “ಮೊಣಕೈ ತೆಗಿಯೋ ಆರ್ವಿಲ್.”

ಮುದುಕರು ಮೊಣಕೈ ತೆಗೆದರು. ಒಂದು ಚೂರು ತಿಂದರು. ಇನ್ನೊಂದು. ತಟ್ಟೆ ಬರಿದಾಯಿತು. ಲೈಲ್ ಅಷ್ಟನ್ನೂ ಫೋನಿನಲ್ಲಿ ಸೆರೆಹಿಡಿದು ನೆಂಟರಿಗೆಲ್ಲ ಕಳಿಸಿದ. ನಡೀನಳಿಗೆ ಕುಣಿಯುವಷ್ಟು ಸಂತೋಷವಾಗಿ, “ಹ್ಞಾಂ, ತಟ್ಟೆ ಎತ್ರೋ ಇಬ್ರೂ!” ಎಂದಳು. ಆರ್ವಿಲ್ ಒಂದೇ ಕೈಯಲ್ಲಿ ತಟ್ಟೆ ಎತ್ತಲು ತಡಕಾಡಿದರು. ಲೈಲ್ ನಕ್ಕು ಎದ್ದ. ತಟ್ಟೆ ಅಲ್ಲೇ ಇತ್ತು.

“ನಾನೇನು ಗಿರಾಕಿನಾ? ಮನೆಯವನು!”

ಯೊಲಾಂಡ ಹೇಳಿದ ಸೋಮವಾರಕ್ಕೆ ನಾಲ್ಕೇ ದಿನ ಉಳಿದಿರಲು, ಗುರುವಾರ ಪೆಗ್ಗಿಯ ಪರೀಕ್ಷೆ. ಚೀಲ ಬಿಸಿ ಮಾಡುವುದನ್ನು ತೋರಿಸಿಕೊಟ್ಟು ನಡೀನ್ ಕಾರು ತೆಗೆದುಕೊಂಡು ಹೊರಟಳು. ಹೋಗಲು ಜಾಗವೇನಿರಲಿಲ್ಲ. ಸೂಪರ್ ಮಾರ್ಕೆಟ್ಟಿನ ಎದುರು ಕಾರು ನಿಲ್ಲಿಸಿ, ಎಸಿ ಹಾಕಿಕೊಂಡು, ಪಕ್ಕದ ಸೀಟಿನ ಮೇಲೆ ಕಾಲು ಚಾಚಿ ಸುಮ್ಮನೆ ಕೂತಳು. ಮೈ ಸಡಿಲವಾಗುತ್ತಿದ್ದ ಹಾಗೆಯೇ ಫೋನು ಬಡಿದುಕೊಂಡಿತು.

“ನಡೀನ್, ಬಾಯೇ ಬಿಡ್ತಿಲ್ಲ ಕಣೆ. ಅಮ್ಮ ಎಲ್ಲಿ, ಅಮ್ಮ ಎಲ್ಲಿ ಅಂತಾರೆ. ಅವ್ರಮ್ಮ ಸತ್ತು ಎಷ್ಟು ಕಾಲ ಆಯ್ತು!”

“ನೀನೇ ಗದರ್ಸು. ಮೊಣಕೈ ತೆಗಿ ಅನ್ನು.”

“ನಮ್ಮಪ್ಪಂಗಾ? ನಾನಾ? ಹೊಡೆಯೋಕೆ ಬೆಲ್ಟು ಬಿಚ್ತಿದ್ದದ್ದು ಇನ್ನೂ ಮರ್ತಿಲ್ಲ ನಾನು.” ಆಮೇಲೆ ಪೆಗ್ಗಿಯ ದನಿ ಹಗುರಾಯಿತು, ತಲೆಯ ಹೊರೆ ಇಳಿಸಿದವರ ಹಾಗೆ. “ಅವರಿಗೆ ಬೇಕಾದ್ದು ರೋಸ್ಟಲ್ಲ. ನೀನು. ನಾಳೆಯಿಂದ ನನ್ನ ಕರೀಬೇಡ.”

ನಡೀನ್ ಅಷ್ಟಕ್ಕೇ ಬಿಡಲಿಲ್ಲ. ಮಾಮಾಸ್ ಟೇಬಲ್‌ಗೆ ಹೊಸದಾಗಿ ಬರುವ ಹುಡುಗಿಯರಿಗೆ ಅಮ್ಮನಾಗುವುದನ್ನು ಕಲಿಸುತ್ತಿದ್ದವಳೇ ಅವಳು. ಶನಿವಾರ ಲೈಲ್‌ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಪಾಠ ಮಾಡಿದಳು.

“ಕಣ್ಣಲ್ಲಿ ಕಣ್ಣಿಡು. ನಗಬೇಡ. ಕೋಪ ಇರ್ಬೇಕು, ಒಳಗೆ ಮುದ್ದೂ ಇರ್ಬೇಕು. ಹೇಳು.”

“ಮೊಣಕೈ ತೆಗೀಪ್ಪ, ಪ್ಲೀಸ್.”

“ಪ್ಲೀಸ್ ಅನ್ನೋ ಅಮ್ಮನ್ನ ಎಲ್ಲಾದ್ರೂ ಕಂಡಿದ್ದೀಯಾ? ಹೆಸರು ಹಿಡಿದು ಕರಿ.”

“ಅಪ್ಪನ್ನ ಹೆಸರು ಹಿಡಿದಾ? ನಾಚ್ಕೆ ಆಗುತ್ತೆ ನಡೀನ್.”

“ನಂಗೂ ಆಗಿತ್ತು.”

ಶನಿವಾರ ಮಧ್ಯಾಹ್ನ ಮುದುಕರು ಮಗನ ಮುಖ ನೋಡಿ ತಟ್ಟೆ ಸರಿಸಿದರು. ರಾತ್ರಿ ಊಟಕ್ಕೂ ಹಾಗೆಯೇ. ಭಾನುವಾರ ಚರ್ಚಿನಿಂದ ಬಂದ ಮೇಲೆ ಲೈಲ್ ಇನ್ನೊಮ್ಮೆ ಚಮಚ ಹಿಡಿದ. ಮುದುಕರು ಬಾಯಿ ಬಿಗಿದುಕೊಂಡು ಗೋಡೆಯತ್ತ ತಿರುಗಿದರು.

“ನೋಡ್ದೆಯಲ್ಲ,” ಎಂದ ಲೈಲ್ ಚಮಚ ಕೆಳಗಿಟ್ಟು. “ನಾನಂತೂ ಪ್ರಯತ್ನ ಪಟ್ಟೆ.”

“ಮೂರೇ ಊಟ ಲೈಲ್.”

“ಬರದ ಕೆಲಸ ಬರಲ್ಲ. ನಿಂಗೆ ಸಲೀಸಾಗಿ ಬರುತ್ತೆ. ಹೊರಗಿನವರಿಗೆ ಅಮ್ಮ ಆಗೋಳು, ಮನೆಯಲ್ಲೇ ಆಗು. ಅಷ್ಟೇ ತಾನೇ?”

ಹುಲ್ಲು ಕತ್ತರಿಸುವ ಯಂತ್ರದ ಸದ್ದು ಹಿತ್ತಿಲಿನಿಂದ ಕೇಳಿಸತೊಡಗಿತು.

ನಡೀನ್ ಬಾಗಿಲಲ್ಲೇ ನಿಂತಳು. ಚಮಚ ಮುಟ್ಟಬಾರದೆಂದು ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು. ಈಗ ಮುಟ್ಟಿದರೆ ನಾಳೆ ಕೆಲಸಕ್ಕೆ ಮರಳುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಂದು ಹೊತ್ತು ಹಸಿವು ತಡೆದರೆ ಮಗನ ಕೈಯಿಂದಲೇ ತಿಂದಾರು ಎಂದುಕೊಂಡಳು. ಮುದುಕರ ಕೈಗಡಿಯಾರ ಸೊರಗಿದ ಮಣಿಕಟ್ಟಿನಿಂದ ಜಾರಿ ಮೊಣಕೈಯ ಹತ್ತಿರ ಬಂದಿತ್ತು. ತುಟಿ ಒಣಗಿ ಬಿರಿದಿತ್ತು. ಅವರು ನಿಧಾನವಾಗಿ ಈ ಕಡೆ ತಿರುಗಿ ಅವಳನ್ನು ನೋಡಿದರು. ಮದುವೆಯಾಗಿ ಬಂದಾಗಿನಿಂದ ಆ ಕಣ್ಣು ಅವಳ ಮುಖದ ಮೇಲೆ ಹಾಗೆ ನಿಂತದ್ದಿಲ್ಲ.

“ಅಮ್ಮಾ,” ಎಂದರು. “ಹಸಿವು.”

ಇಷ್ಟು ವರ್ಷ ಬಾಯಿಬಿಟ್ಟು ಒಂದು ಸಲವೂ ನಡೀನ್ ಎನ್ನದ ಮನುಷ್ಯ. ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದಾಯಿತು ಎನಿಸಿತು, ಒಂದು ಕ್ಷಣ. ಆದರೆ ಹಸಿದ ಮುದುಕನ ಎದುರು ಸಿಟ್ಟನ್ನು ಎಷ್ಟು ಹೊತ್ತು ಹಿಡಿದು ನಿಲ್ಲುವುದು? ಹಿತ್ತಿಲಿಗೆ ಹೋಗಿ ಹುಲ್ಲು ಕತ್ತರಿಸುತ್ತ ನಿಲ್ಲಲು ಲೈಲ್‌ಗೆ ಬರುತ್ತದೆ. ಅವಳಿಗೆ ಬರುವುದಿಲ್ಲ. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಚಮಚ ಎತ್ತಿಕೊಂಡಳು.

“ಏನೋ ಆರ್ವಿಲ್, ನಿನ್ನ ಹಟ ಏನು ಕಮ್ಮಿನಾ? ಬಾಯಿ ತೆಗಿ. ಪೂರ್ತಿ ತೆಗಿ.”

ಬಾಯಿ ತೆರೆಯಿತು.

ಸೋಮವಾರ ಬೆಳಿಗ್ಗೆ ಅವಳೇ ಯೊಲಾಂಡಳಿಗೆ ಫೋನು ಮಾಡಿದಳು. ಆ ಕಡೆ ತಟ್ಟೆ ಲೋಟಗಳ ಗಲಾಟೆ, ಯಾರೋ ಅಮ್ಮ ಯಾರನ್ನೋ ಗದರಿಸುತ್ತಿದ್ದಳು, ಒಂದು ಮೇಜಿಗೆ ಮೇಜೇ ನಗುತ್ತಿತ್ತು.

“ಬರಲ್ವಾ? ಯಾಕೆ? ಗಂಡ ಬೇಡ ಅಂದ್ನಾ? ನಿಜ ಹೇಳು, ಯಾರಾದ್ರೂ ಬಲವಂತ ಮಾಡಿದ್ರಾ?”

ನಡೀನ್ ಯೋಚಿಸಿದಳು. ಒಬ್ಬರ ಹೆಸರಾದರೂ ಹೇಳಲು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು.

“ಇಲ್ಲ,” ಎಂದಳು. “ಯಾರೂ ಮಾಡ್ಲಿಲ್ಲ.”

ಕೆಲಸಕ್ಕೆ ಹೊರಟ ಲೈಲ್ ಅವಳ ಕೆನ್ನೆಗೆ ಮುತ್ತಿಟ್ಟ. “ಆ ವಿಡಿಯೋ ನೋಡಿ ಎಲ್ಲಾ ಹೊಗಳ್ತಿದ್ದಾರೆ. ಈ ಭಾನುವಾರ ಪೆಗ್ಗಿ ಮನೆಯವರೆಲ್ಲ ಬರ್ತಾರಂತೆ. ಆ ರೋಸ್ಟೇ ಮಾಡು. ಗ್ರೇವಿ ಸ್ವಲ್ಪ ಜಾಸ್ತಿ ಇರ್ಲಿ.”

ಅವನ ಗಾಡಿ ರಸ್ತೆಯ ತಿರುವಿನಲ್ಲಿ ಮರೆಯಾಯಿತು. ಅವಳು ಅವನ ಬೆಳಗಿನ ತಟ್ಟೆ ತೊಳೆದಿಟ್ಟಳು. ಫ್ರೀಜರಿನಲ್ಲಿ ಉಳಿದಿದ್ದ ಚೀಲಗಳನ್ನು ಹೊರಗೆ ತೆಗೆದು ಜೋಡಿಸಿ ನೋಡಿದಳು. ಅಷ್ಟು ಜನಕ್ಕೆ ಸಾಲುವುದಿಲ್ಲ. ಮಾಂಸ ತರಬೇಕು. ಶನಿವಾರವೇ ಬೇಯಿಸಬೇಕು, ಒಂದು ದಿನ ಹಳೆಯದಾಗದಿದ್ದರೆ ರುಚಿ ಬರುವುದಿಲ್ಲ.

ಮುಂದಿನ ಕೋಣೆಯಿಂದ ಕರೆ ಬಂತು. ಅವಳು ಚೀಲಗಳನ್ನು ಒಳಗಿಟ್ಟು, ಫ್ರೀಜರಿನ ಬಾಗಿಲು ಮುಚ್ಚಿ, “ಬಂದೆ ಕಣೋ,” ಎಂದಳು.