ಮೂರು ದಿನ ಅಲ್ಲಿ, ನಾಲ್ಕು ದಿನ ಇಲ್ಲಿ

ಕೋಳಿಕ್ಕೋಡಿನ ಬಸ್ ಕಂಡಕ್ಟರ್ ಪ್ರಸೀತಾ ಆ ತಿಂಗಳು ಟಿಕೆಟ್ ಪಡೆದವರಿಗೇ ಮತ್ತೊಮ್ಮೆ ಟಿಕೆಟ್ ಕೊಡುತ್ತಿದ್ದಳು. ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಅವಳೂ ಗಂಡ ಬಿನೀಷನೂ ಇಬ್ಬರೂ ಒಪ್ಪಿಯೇ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದರು. ಹನ್ನೊಂದು ವರ್ಷದ ಸಂಸಾರದಲ್ಲಿ ಈಗ ಜಗಳವಾಡುವ ಆಸೆಯೂ ಉಳಿದಿರಲಿಲ್ಲ. ಆದರೆ ಒಂಬತ್ತು ವರ್ಷದ ಮಗಳು ನಿಳಾ ಯಾರ ಬಳಿ ಇರಬೇಕು ಎಂಬಲ್ಲಿ ಮಾತ್ರ ಇಬ್ಬರೂ ಪಟ್ಟು ಹಿಡಿದಿದ್ದರು.

"ನಿನ್ನ ಡ್ಯೂಟಿ ಪಟ್ಟಿ ಯಾರಿಗೂ ತೋರಿಸ್ಬೇಡ" ಎಂದಿದ್ದರು ಅವಳ ವಕೀಲೆ ಜಮೀಲಾ. "ವಾರದಲ್ಲಿ ಮೂರು ದಿನ ಬೆಳಿಗ್ಗೆ ನಾಲ್ಕಕ್ಕೆ ಮನೆ ಬಿಡ್ತೀಯ ಅಂತ ಗೊತ್ತಾದ್ರೆ ಅವನ ವಕೀಲ ಸುಮ್ನಿರ್ತಾನಾ?"

ಆ ಮೂರು ದಿನ ನಿಳಾಳನ್ನು ಎಬ್ಬಿಸಿ ಶಾಲೆಗೆ ಕಳಿಸುತ್ತಿದ್ದವರು ಪಕ್ಕದ ಮನೆಯ ರುಖಿಯಾ. ಒಂದು ಬುಧವಾರ ಬಸ್ಸು ವಯನಾಡಿನ ಘಟ್ಟ ಹತ್ತುತ್ತಿದ್ದಾಗ ಶಾಲೆಯಿಂದ ಫೋನ್ ಬಂತು: ಮಗುವಿಗೆ ಜ್ವರ, ಕರೆದುಕೊಂಡು ಹೋಗಿ. ರುಖಿಯಾ ಊರಲ್ಲಿರಲಿಲ್ಲ. ಪ್ರಸೀತಾ ಬೇರೆ ದಾರಿ ಕಾಣದೆ ಬಿನೀಷನಿಗೆ ಫೋನ್ ಮಾಡಿದಳು. ಅವನು ತಾನು ಕೆಲಸ ಮಾಡುತ್ತಿದ್ದ ಬೇಪೂರಿನ ಐಸ್ ಪ್ಲಾಂಟಿನಿಂದ ನೇರ ಶಾಲೆಗೆ ಹೋದ.

ಸಂಜೆ ಅವಳು, ಬಿನೀಷ್ ಈಗ ವಾಸವಿದ್ದ ಅವನ ತಾಯಿಯ ಮನೆಗೆ ಓಡೋಡಿ ಬಂದಾಗ ನಿಳಾ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡು ಮಲಗಿದ್ದಳು.

"ಬಂದ್ರಾ ಕಂಡಕ್ಟರಮ್ಮ? ಬಸ್ಸು ಟೈಮಿಗೆ ಬಂತಾ?" ಎಂದ ಬಿನೀಷ್. ಆ ಮಾತು ಅವಳಿಗೆ ಚುರುಕ್ಕೆಂದಿತು. ಮಗಳ ಹಣೆಯ ಬಟ್ಟೆ ತೆಗೆದು ಮತ್ತೆ ಒದ್ದೆ ಮಾಡಿಟ್ಟಳು.

ಮುಂದಿನ ವಾರ ಕುಟುಂಬ ನ್ಯಾಯಾಲಯದ ಆಪ್ತಸಮಾಲೋಚಕಿಯ ಕೋಣೆಯಲ್ಲಿ ಇಬ್ಬರೂ ವಕೀಲರೊಂದಿಗೆ ಕುಳಿತರು. ಬೇಡವೆಂದು ಜಮೀಲಾ ಕಣ್ಸನ್ನೆ ಮಾಡುತ್ತಿರುವಾಗಲೇ ಪ್ರಸೀತಾ ಡ್ಯೂಟಿ ಪಟ್ಟಿ ತೆಗೆದು ಮುಂದಿಟ್ಟಳು.

"ಇದೇ ನನ್ನ ವಾರ. ಈ ಮೂರು ದಿನ ನನ್ ಕೈಲಾಗಲ್ಲ, ಒಪ್ಕೋತೀನಿ. ಆದ್ರೆ ಉಳಿದ ನಾಲ್ಕು ದಿನ ಸತ್ರೂ ಬಿಡಲ್ಲ."

ಬಿನೀಷನ ವಕೀಲರು ಕಾಗದಕ್ಕೆ ಕೈ ಚಾಚಿದರು. "ಇರಿ ಸಾರ್" ಎಂದು ಅವನೇ ತಡೆದ. "ನಾನೂ ಏಳು ದಿನ ನೋಡ್ಕೋತೀನಿ ಅಂತ ಬರ್ಕೊಟ್ಟಿದ್ದು ಸುಳ್ಳೇ. ಅಮ್ಮಂಗೆ ಮಂಡಿ ಮಡಚಕ್ಕಾಗಲ್ಲ. ಭಾನುವಾರ ನನಗೆ ಶಿಫ್ಟು" ಎಂದ.

ಸಮಾಲೋಚಕಿ ನಿಳಾಳನ್ನು ಒಬ್ಬಳನ್ನೇ ಕೂರಿಸಿ ಮಾತಾಡಿಸಿದರು. ಯಾರ ಜೊತೆ ಇರ್ತೀಯ ಎಂದು ಅವರು ಕೇಳಲಿಲ್ಲ. ಏನು ಬೇಕು ಎಂದು ಕೇಳಿದರು. "ಎರಡೂ ಮನೇಲಿ ಒಂದೊಂದ್ ಯೂನಿಫಾರ್ಮ್ ಇಡಿ. ದಿನಾ ಬ್ಯಾಗ್ ತುಂಬ್ಕೊಂಡು ಓಡಾಡಕ್ಕಾಗಲ್ಲ" ಎಂದಳಂತೆ.

ಒಪ್ಪಂದದಲ್ಲಿ ಅದನ್ನೂ ಬರೆದರು. ಮೂರು ದಿನ ಅಪ್ಪನ ಬಳಿ, ನಾಲ್ಕು ದಿನ ಅಮ್ಮನ ಬಳಿ. ಓಣಂ ಒಂದು ವರ್ಷ ಇಲ್ಲಿ, ಮರುವರ್ಷ ಅಲ್ಲಿ. ಶಾಲೆ ಬದಲಿಸಲು ಇಬ್ಬರ ಸಹಿಯೂ ಬೇಕು. ಕಾನೂನಿನ ಆರು ತಿಂಗಳ ಕಾಯುವಿಕೆ ಮುಗಿದ ಮೇಲೆ ವಿಚ್ಛೇದನವಾಯಿತು. ಹೊರಗೆ ಜಮೀಲಾ, "ನನ್ ಮಾತು ಕೇಳ್ದೇ ಗೆದ್ದವಳು ನೀನೊಬ್ಬಳೇ ಕಣೇ" ಎಂದು ನಕ್ಕರು. ಗೆದ್ದಂತೆ ಪ್ರಸೀತಾಗೆ ಅನಿಸಲಿಲ್ಲ.

ಮುಂದಿನ ಸೋಮವಾರ ನಿಳಾ ಅಪ್ಪನ ಮನೆಯಲ್ಲಿದ್ದಳು. ಬೆಳಗಿನ ಬಸ್ಸು ಊರು ದಾಟುತ್ತಿದ್ದಂತೆ ಪ್ರಸೀತಾ ಫೋನ್ ಮಾಡಿದಳು.

"ಇನ್ನೂ ಐದೂವರೆ ಕಣೇ, ಮಲಗಿದಾಳೆ. ಹೋಗಿ ಟಿಕೆಟ್ ಕೊಡು" ಎಂದ ಬಿನೀಷ್.

ಏಳು ಗಂಟೆಗೆ, ನಿಳಾ ಏಳುವ ಹೊತ್ತಿಗೆ, ಮತ್ತೆ ಫೋನ್ ಮಾಡಿದಳು.